ಹದಿನೇಳನೇ ರೂಮಿನ ನಾಲೆ

ಕೆಂಪು ಗಾರೆಯ ನೆಲ. ಎಷ್ಟು ಒರೆಸಿದರೂ ಬಣ್ಣ ಬಿಡುವಂಥದು.
ಹೋದ ವರ್ಷ, ದಸರೆಗೆ ಹದಿನೈದು ದಿನ ಮುಂಚೆ,
ಅದರ ಮೇಲೆ ನಾನು ಈಜಿದ್ದೆ
ಈ ಗೋಡೆಯಿಂದ ಆ ಗೋಡೆಗೆ, ಮತ್ತೆ ವಾಪಸ್.
'ನಾಲೆ ಪಕ್ಕದ ಊರೋನಲ್ವೇನ್ಲಾ, ತೋರ್ಸು ನಿನ್ನ ಈಜು'
ಅಂದಿದ್ದ ಯೋಗಾನಂದ, ಮಂಚದ ಮೇಲೆ ಕೂತು
ಕಡ್ಲೆಕಾಯಿ ಬಿಡಿಸುತ್ತಾ. ಸಿಪ್ಪೆ ನನ್ನ ಬೆನ್ನಿನ ಮೇಲೆ.

ಬನಿಯನ್ನಿನ ಎದೆಗೆ ಹತ್ತಿದ ಕೆಂಪು ಹೋಗಲಿಲ್ಲ.
ಊರಿಗೆ ಒಯ್ದಾಗ ಅವ್ವ ಕೇಳಿದಳು.
ಜಾರಿ ಬಿದ್ದೆ ಅಂದೆ.
ಅವಳು ಕಲ್ಲಿಗೆ ಎರಡೇಟು ಹೆಚ್ಚಿಗೆ ಬಡಿದಳು, ಅಷ್ಟೆ.

ಈ ವರ್ಷ ಮಂಚದ ಮೇಲೆ ನನಗೂ ಜಾಗವಿತ್ತು.
ಕಿಟಕಿಯಾಚೆಯಿಂದ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ,
ಒಳಗೆ ಟ್ಯೂಬ್‌ಲೈಟ್ ಆರಿಸಿ ಮೊಬೈಲಿನ ಬೆಳಕು.
ಚೆಲುವರಾಜು, ಮೇಲುಕೋಟೆ ಕಡೆಯವನು,
ಕಾಲರಿನ ಗುಂಡಿಯವರೆಗೂ ಹಾಕಿಕೊಂಡು ಬಂದಿದ್ದ.
'ಅಂಗಿ ಬಿಚ್ಚು. ಈಜು.'
'ನಂಗೆ ಈಜು ಬರಲ್ಲ ಅಣ್ಣ.'
ಎಲ್ಲರೂ ನಕ್ಕರು. ನೆಲದ ಮೇಲೆ ಈಜೋಕೆ
ಈಜು ಯಾಕೆ ಬರ್ಬೇಕಲೇ ಅಂದರು.
ಮೊದಲು ನಕ್ಕವನು ನಾನು.

ಆಲೆಮನೆಯಲ್ಲಿ ಆಡಿ ಬೆಳೆದವನಿಗೆ ಗೊತ್ತು:
ಗಾಣ ಹಿಂಡಿ ಬಿಸಾಡಿದ ರಚ್ಚು
ಬಿಸಿಲಿಗೆ ಒಣಗಿ ಒಲೆಗೇ ಬರುತ್ತದೆ.
ನಾಳೆಯ ಜಲ್ಲೆಯ ಹಾಲು ಕೊಪ್ಪರಿಗೆಯಲ್ಲಿ ಕುದಿಯುವುದು
ನಿನ್ನೆಯ ಜಲ್ಲೆಯ ಉರಿಗೆ.
'ನಮ್ಗೂ ಮಾಡಿದ್ರು, ನಾವೇನ್ ಸತ್ತೋದ್ವಾ' ಅಂತ
ಯೋಗಾನಂದ ಅಂದಾಗಲೆಲ್ಲ
ಚಟಪಟ ಅನ್ನುವ ಸದ್ದು ನನಗೆ ಕೇಳಿದ್ದಿದೆ.
ಕೇಳಿಯೂ ಕಡ್ಲೆಕಾಯಿ ಬಿಡಿಸಿದ್ದೇನೆ.

ಅವನು ಮಲಗಿದ. ಕೈ ಚಾಚಿದ.
ಈಜು ಬಲ್ಲವರು ಚಾಚುವ ಹಾಗಲ್ಲ,
ಬೆರಳು ಅಗಲಿಸಿ, ಕತ್ತು ಮೇಲೆತ್ತಿ, ಬಾಯಿ ತೆರೆದು,
ಹಿಡಿಯಲು ಏನೂ ಸಿಗದವರ ಹಾಗೆ.

ಈ ಭಂಗಿ ನಾನು ಕಂಡಿದ್ದೇನೆ.
ಆರನೇ ಕ್ಲಾಸಿನಲ್ಲಿ, ತೂಬಿನ ಹತ್ತಿರ,
ಪುಟ್ಟಮಾದನ ತಮ್ಮ.
ಆಡ್ತಾವ್ನೆ ಅಂದುಕೊಂಡು ನಾವೆಲ್ಲ ದಡದಲ್ಲಿ
ನಗ್ತಾ ನಿಂತಿದ್ದೆವು.
ಮುಳುಗುವವರು ಕೂಗುವುದಿಲ್ಲ, ಬಾಯಿಗೆ ಪುರುಸೊತ್ತಿರುವುದಿಲ್ಲ.
ಗದ್ದೆಯಿಂದ ಓಡಿ ಬಂದ ಯಾರೋ ಹೆಂಗಸು
ಸೆರಗು ಎಸೆದಿರದಿದ್ದರೆ

ಎದ್ದೆ. ಸ್ವಿಚ್ಚು ಒತ್ತಿದೆ.
ಟ್ಯೂಬ್‌ಲೈಟ್ ಎರಡು ಸಲ ಮಿನುಕಿ ಹತ್ತಿತು.
ಬೆಳಕಿನಲ್ಲಿ ಎಲ್ಲರ ಮುಖವೂ
ಒಂದು ಥರ ಸಣ್ಣದಾಗಿ ಕಂಡಿತು, ನನ್ನದೂ,
ಬಾಗಿಲ ಹಿಂದಿನ ಕನ್ನಡಿಯಲ್ಲಿ.
'ಏಳು' ಅಂದೆ. ದನಿ ಹೊರಡಲಿಲ್ಲ. ಮತ್ತೆ ಅಂದೆ.

ಆಮೇಲೆ ದೊಡ್ಡದೇನೂ ನಡೆಯಲಿಲ್ಲ.
ಮೆಸ್ಸಿನಲ್ಲಿ ನನ್ನ ಬೆಂಚು ಖಾಲಿ.
ನನ್ನ ಚಪ್ಪಲಿ ಒಂದು ಸಂಪಿನಲ್ಲಿ ಸಿಕ್ಕಿತು.
ಚೆಲುವರಾಜು ಥ್ಯಾಂಕ್ಸ್ ಹೇಳಲಿಲ್ಲ. ನನ್ನ ಕಂಡರೆ
ವರಾಂಡದ ಆ ಪಕ್ಕಕ್ಕೆ ದಾಟುತ್ತಾನೆ.
ದಾಟಲಿ. ನಗು ಯಾರದೆಂದು
ಕತ್ತಲಲ್ಲೂ ಗೊತ್ತಾಗುತ್ತದೆ.

ಭಾನುವಾರ ಬಟ್ಟೆ ಒಗೆಯುವ ಕಟ್ಟೆಯ ಬಳಿ
ಅವನು ಫೋನಿನಲ್ಲಿದ್ದ, ವೀಡಿಯೋ ಕಾಲ್.
ತಂತಿಯ ಮೇಲೆ ಬನಿಯನ್ನು, ಎದೆ ಕೆಂಪು.
ಆ ಕಡೆಯಿಂದ ಏನೋ ಕೇಳಿದರು.
ನಾನು ಬಕೆಟ್ ಹಿಡಿದೇ ನಿಂತೆ.
'ಇಲ್ಲ ಕಣವ್ವ,' ಅಂದ,
'ಜಾರಿ ಬಿದ್ದೆ.'

ಸೋಮವಾರ ವಾರ್ಡನ್ ಆಫೀಸಿನಲ್ಲಿ
ದೂರಿನ ಫಾರಂ ಕೇಳಿದೆ.
ಅಡ್ಮಿಶನ್ನಿನ ದಿನ ನಾನೂ ಅಪ್ಪನೂ
ಓದದೆ ಸಹಿ ಹಾಕಿದ್ದ ಮುಚ್ಚಳಿಕೆಯ
ಅದೇ ಮಾಸಲು ಕಾಗದ.
ಸ್ಥಳ, ದಿನಾಂಕ, ಸಮಯ.
ಮಾಡಿದವರು. ನೋಡಿದವರು.
ನಕ್ಕವರು ಅಂತ ಕಾಲಂ ಇರಲಿಲ್ಲ.
ಗುಮಾಸ್ತೆಯ ಸ್ಕೇಲ್ ಇಸ್ಕೊಂಡು ಒಂದು ಗೆರೆ ಎಳೆದು
ಮೇಲೆ ನನ್ನ ಹೆಸರು ಬರೆದೆ,
ಇನಿಷಿಯಲ್ ಸಮೇತ.